ಕಾರು ಕೈಕೊಡುವುದೇಕೆ?

ಹಲಸೂರಿನಿಂದ ಹೊರಟು, ಇಂದಿರಾನಗರದ ಅಂಚನ್ನು ಹಾದು, ಟಿನ್ ಫ್ಯಾಕ್ಟರಿ ದಾಟಿ ಕೃಷ್ಣರಾಜಪುರದ ಕಡೆಗೆ ಸಾಗುವ ಹಳೆ ಮದರಾಸು ರಸ್ತೆಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಮೂವತ್ತು ನಲವತ್ತು ವರ್ಷಗಳ ಹಿಂದೆ ಈ ರಸ್ತೆಯ ಬದಿಯಲ್ಲಿ ಬಾನೆಟ್ ಎತ್ತಿ ನಿಂತ ಕಾರು ತೀರ ಸಾಮಾನ್ಯ ದೃಶ್ಯವಾಗಿತ್ತು. ಚಾಲಕ ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ಎಂಜಿನ್ನಿನ ಮೇಲೆ ಬಾಗಿರುತ್ತಿದ್ದ. ಈಗಲೂ ಇಲ್ಲಿ ಕಾರುಗಳು ಗಂಟೆಗಟ್ಟಲೆ ನಿಲ್ಲುತ್ತವೆ, ಆ ಮಾತು ಬೇರೆ. ಆದರೆ ಕೆಟ್ಟು ನಿಂತ ಕಾರು ಕಾಣುವುದು ಅಪರೂಪ. ಈ ಬದಲಾವಣೆ ಹೇಗಾಯಿತು?

ಒದ್ದೆ ಬಟ್ಟೆಯಿಂದಲೇ ಆರಂಭಿಸೋಣ. ಪ್ರೀಮಿಯರ್ ಪದ್ಮಿನಿಯಂತಹ ಕಾರುಗಳಲ್ಲಿ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿ ತರುವ ಪಂಪು ಬಿಸಿ ಎಂಜಿನ್ನಿಗೇ ಅಂಟಿಕೊಂಡಿರುತ್ತಿತ್ತು. ಏಪ್ರಿಲ್ ಬಿಸಿಲಿನಲ್ಲಿ ಕಾರು ನಿಧಾನವಾಗಿ ತೆವಳಿದರೆ ಪಂಪಿನೊಳಗಿನ ಪೆಟ್ರೋಲ್ ಆವಿಯಾಗುತ್ತಿತ್ತು. ದ್ರವವನ್ನು ತಳ್ಳಲೆಂದು ಮಾಡಿದ ಪಂಪಿಗೆ ಆವಿ ಸಿಕ್ಕರೆ ಅದನ್ನು ಹಿಸುಕಿ ಬಿಡುವುದಷ್ಟೇ ಕೆಲಸ; ಪೆಟ್ರೋಲ್ ಮುಂದೆ ಹೋಗುವುದಿಲ್ಲ. ಒದ್ದೆ ಬಟ್ಟೆ ಹಾಕಿ ತಣಿಸಿದರೆ ಆವಿ ಮತ್ತೆ ದ್ರವವಾಗಿ ಕಾರು ಹೊರಡುತ್ತಿತ್ತು. ಇಂದಿನ ಪೆಟ್ರೋಲ್ ಕಾರಿನಲ್ಲಿ ಪಂಪು ಟ್ಯಾಂಕಿನೊಳಗೇ ಮುಳುಗಿದೆ. ಅದು ಹೀರುವುದಿಲ್ಲ, ಒತ್ತಡದಿಂದ ತಳ್ಳುತ್ತದೆ. ಒತ್ತಡ ಹೆಚ್ಚಿದಂತೆ ಕುದಿಯುವ ಉಷ್ಣತೆಯೂ ಏರುತ್ತದೆ ಎಂಬುದನ್ನು ನಿಮ್ಮ ಮನೆಯ ಪ್ರೆಶರ್ ಕುಕ್ಕರ್ ದಿನವೂ ತೋರಿಸಿಕೊಡುತ್ತಿದೆಯಷ್ಟೆ.

ಇನ್ನು ಕಿಡಿಯ ವಿಚಾರ. ಒಂದು ಸಣ್ಣ ಲೆಕ್ಕ ಮಾಡಿ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದೆ ಎನ್ನಿ. ಪ್ರತಿ ಸಿಲಿಂಡರಿಗೂ ಎರಡು ಸುತ್ತಿಗೊಂದು ಕಿಡಿ ಬೇಕು. ಅಂದರೆ ನಿಮಿಷಕ್ಕೆ 6,000 ಕಿಡಿ, ಸೆಕೆಂಡಿಗೆ 100. ಹಳೆಯ ಅಂಬಾಸಡರ್‌ನಲ್ಲಿ ಈ ಕೆಲಸ ಮಾಡುತ್ತಿದ್ದದ್ದು ಡಿಸ್ಟ್ರಿಬ್ಯೂಟರಿನೊಳಗಿನ ಪುಟ್ಟ ಲೋಹದ ಜೋಡಿ, ಮೆಕ್ಯಾನಿಕ್‌ಗಳ ಭಾಷೆಯಲ್ಲಿ 'ಪಾಯಿಂಟು'. ಅರ್ಧ ಮಿಲಿಮೀಟರಿಗೂ ಕಡಿಮೆ ಅಂತರದಲ್ಲಿ ಅದು ಸೆಕೆಂಡಿಗೆ ನೂರು ಸಲ ತೆರೆದು ಮುಚ್ಚಬೇಕು. ಸವೆಯದೆ ಇದ್ದೀತೇ? ಎಮರಿ ಕಾಗದದಿಂದ ಅದನ್ನು ಉಜ್ಜಿ ಅಂತರ ಸರಿಪಡಿಸುವುದು ಕಾರು ಇಟ್ಟುಕೊಂಡವರೆಲ್ಲ ಕಲಿತಿದ್ದ ವಿದ್ಯೆ. ಈಗ ಆ ಜಾಗದಲ್ಲಿ ಉಜ್ಜಾಡುವ ವಸ್ತುವೇ ಇಲ್ಲ. ತಿರುಗುವ ಚಕ್ರದ ಹಲ್ಲುಗಳನ್ನು ಮುಟ್ಟದೆಯೇ ಎಣಿಸುವ ಸಂವೇದಕವಿದೆ. ಅದರ ಮಾತು ಕೇಳಿ ಕಿಡಿ ಹಾರಿಸುವ ಪುಟ್ಟ ಕಂಪ್ಯೂಟರ್ ಇದೆ.

ಇದೆಲ್ಲ ಬಂದದ್ದು ಕಾರು ಕೆಡಬಾರದೆಂಬ ಕಾಳಜಿಯಿಂದ ಮಾತ್ರವೇ? ಅಲ್ಲ. ಹೊಗೆಯ ಮೇಲಿನ ಕಾನೂನು ಇದಕ್ಕೆ ಮುಖ್ಯ ಕಾರಣ. ವಿಷಾನಿಲಗಳನ್ನು ಕಡಿಮೆ ಮಾಡುವ ಕೆಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡಬೇಕಾದರೆ ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬೆರೆಯಬೇಕು. ಈ ಕರಾರುವಾಕ್ಕುತನ ಹಳೆಯ ಕಾರ್ಬ್ಯುರೇಟರಿನಿಂದ ಆಗದ ಮಾತು. ಪೆಟ್ರೋಲಿನಲ್ಲಿ ಸೀಸವಿದ್ದರೆ ಕನ್ವರ್ಟರೇ ಹಾಳು. 2000ದ ಫೆಬ್ರವರಿ 1ರಿಂದ ದೇಶಾದ್ಯಂತ ಸೀಸರಹಿತ ಪೆಟ್ರೋಲ್ ಬಂತು. ಅದೇ ಏಪ್ರಿಲ್‌ನಲ್ಲಿ ಹೊಸ ಹೊಗೆ ನಿಯಮ. 2020ರ ಏಪ್ರಿಲ್ ವೇಳೆಗೆ ಭಾರತ್ ಸ್ಟೇಜ್ 6. ಗಾಳಿಯನ್ನು ಶುಚಿಯಾಗಿಡಲು ಹೊರಟಾಗ ಕಾರೂ ನಂಬಿಕಸ್ಥವಾಯಿತು. 2001ರಲ್ಲಿ ನಮ್ಮ ಬೆಂಗಳೂರಿನಲ್ಲೇ ತಯಾರಾಗಿ ಬಂದ ವಿದ್ಯುತ್ ಕಾರು ರೇವಾದಲ್ಲಿ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಅದರ ಕಥೆಗೆ ಬೇರೆಯೇ ಲೇಖನ ಬೇಕು.

ಹಾಗಾದರೆ ನಷ್ಟವೇನೂ ಇಲ್ಲವೇ? ದಂಡಿನ ಕಡೆಯ ಶಿವಾಜಿನಗರದ ಗುಜರಿ ಅಂಗಡಿಗಳಿಗೆ ಹೋಗಿ ನೋಡಿ. ಹಳೆಯ ಕಾರಿನ ಡೈನಮೋ, ಬಾಗಿಲ ಹಿಡಿ, ಹೆಡ್‌ಲೈಟ್ ಎಲ್ಲವನ್ನೂ ಅಲ್ಲಿಂದ ತಂದು ಕೂಡಿಸಿ ಕಾರು ಓಡಿಸಿದವರು ಎಷ್ಟೋ ಮಂದಿ. ಕಂಪ್ಯೂಟರಿನ ಪೆಟ್ಟಿಗೆಯನ್ನು ಹಾಗೆ ತಂದು ಸಿಕ್ಕಿಸಲಾಗದು. ಬಹಳಷ್ಟು ಕಾರುಗಳಲ್ಲಿ ಅದು ತನ್ನದೇ ಕೀಲಿಯನ್ನು ಗುರುತಿಸುತ್ತದೆ, ಬೇರೆ ಕೀಲಿಗೆ ಎಂಜಿನ್ ಹೊರಡಿಸುವುದಿಲ್ಲ. ಗಾಳಿಚೀಲವನ್ನಂತೂ ಅಪ್ಪಿತಪ್ಪಿಯೂ ಹಳೆಯದು ಕೊಳ್ಳಬಾರದು; ಕ್ಷಣಾರ್ಧದಲ್ಲಿ ಸಿಡಿದು ಅನಿಲ ತುಂಬುವ ರಾಸಾಯನಿಕ ಅದರೊಳಗಿದೆ.

ಇದಕ್ಕಿಂತ ದೊಡ್ಡ ವ್ಯತ್ಯಾಸ ಮಳೆಗಾಲದಲ್ಲಿ ತಿಳಿಯುತ್ತದೆ. ಹಳೆಯ ಕಾರಿನ ಡಿಸ್ಟ್ರಿಬ್ಯೂಟರಿಗೆ ನೀರು ಸಿಡಿದರೆ ಸಾಕು, ಕಿಡಿ ಸೋರಿ ಕಾರು ನಿಲ್ಲುತ್ತಿತ್ತು. ಒರೆಸಿ ಒಣಗಿಸಿದರೆ ಮತ್ತೆ ಸಿದ್ಧ. ಅದು ರೇಗಿಸುವ ದೋಷವೇ ಸರಿ, ಆದರೆ ನೀರು ಇನ್ನೂ ಆಳವಾಗುವ ಮೊದಲೇ ಕಾರನ್ನು ನಿಲ್ಲಿಸಿಬಿಡುತ್ತಿತ್ತು. ಹೊಸ ಕಾರಿಗೆ ಆ ಅಳುಕಿಲ್ಲ. ಗಾಳಿ ಹೀರುವ ಕೊಳವೆಯ ಬಾಯಿಯವರೆಗೆ ನೀರು ಬರುವ ತನಕ ಅದು ಓಡುತ್ತಲೇ ಇರುತ್ತದೆ. ಅನೇಕ ಕಾರುಗಳಲ್ಲಿ ಆ ಬಾಯಿ ಇರುವುದು ಮುಂಭಾಗದಲ್ಲಿ, ಹೆಡ್‌ಲೈಟಿನ ಆಸುಪಾಸಿನಲ್ಲಿ. ಸಿಲಿಂಡರಿಗೆ ನೀರು ನುಗ್ಗಿದರೆ ಗಾಳಿಯಂತೆ ಅದು ಕುಗ್ಗದು. ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡೇ ಬಾಗುತ್ತದೆ. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಯಲ್ಲಿ ಹೊರ ವರ್ತುಲ ರಸ್ತೆಯ ಸುತ್ತಲಿನ ಬಡಾವಣೆಗಳಲ್ಲಿ ಕಾರುಗಳು ಮುಳುಗಿ ನಿಂತದ್ದನ್ನು ನೀವು ಟಿ.ವಿ.ಯಲ್ಲಿ ನೋಡಿರುತ್ತೀರಿ. ಹಾಗೆ ನೀರಲ್ಲಿ ನಿಂತ ಕಾರಿನ ಕೀಲಿಯನ್ನು 'ಒಂದು ಸಲ ನೋಡೋಣ' ಎಂದು ಮತ್ತೆ ತಿರುಗಿಸಬಾರದು.

ಕಾರಿಗಿಂತ ಜೀವ ದೊಡ್ಡದು. 2023ರ ಮೇ 21ರಂದು ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಮಳೆನೀರಿಗೆ ಸಿಕ್ಕ ಕಾರಿನಲ್ಲಿದ್ದ ಯುವತಿಯೊಬ್ಬರು ತೀರಿಕೊಂಡರು. ಒಂದು ಮೀಟರ್ ಅಗಲದ ಬಾಗಿಲಿಗೆ ಹೊರಗಿನಿಂದ ಅರ್ಧ ಮೀಟರ್ ನೀರು ಒತ್ತಿದರೆ ಬಲ ಸುಮಾರು 1,225 ನ್ಯೂಟನ್, ಅಂದರೆ 125 ಕಿಲೋ ತೂಕ ಆತು ನಿಂತಂತೆ. ಪಿಯುಸಿಯವರು ತಾಳೆ ನೋಡಿ. ಒಳಗಿನಿಂದ ತಳ್ಳಿ ತೆರೆಯುವುದು ಸುಲಭವಲ್ಲ. ಹಳೆಯ ಕಾರಿನ ಗಾಜನ್ನು ಹಿಡಿ ತಿರುಗಿಸಿ ಇಳಿಸಬಹುದಿತ್ತು. ಇಂದು ಅದನ್ನು ಇಳಿಸುವುದು ವಿದ್ಯುತ್ತು. ನೀರು ತಂತಿಗಳನ್ನು ಮುಟ್ಟಿದ ಮೇಲೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಆದುದರಿಂದ ನೀರು ಏರತೊಡಗಿದ ಕೂಡಲೇ ಗಾಜು ಇಳಿಸಿ ಕಿಟಕಿಯಿಂದಲೇ ಹೊರಬರಬೇಕು. ಗಾಜು ಇಳಿಯದಿದ್ದರೆ ಪಕ್ಕದ ಕಿಟಕಿಯ ಮೂಲೆಗೆ ಚೂಪಾದ ಲೋಹದಿಂದ ಹೊಡೆಯಿರಿ. ಹೆಚ್ಚಿನ ಕಾರುಗಳಲ್ಲಿ ಅದು ಪುಡಿಪುಡಿಯಾಗುತ್ತದೆ. ಮುಂದಿನ ಗಾಜಿಗೆ ಹೊಡೆದು ಹೊತ್ತು ಕಳೆಯಬೇಡಿ, ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಹಾಳೆ ಅಂಟಿಸಿರುವುದರಿಂದ ಅದು ಬಿರಿಯುತ್ತದೆಯೇ ಹೊರತು ಉದುರುವುದಿಲ್ಲ. ಈ ಕೆಲಸಕ್ಕೆಂದೇ ಬರುವ ಚೂಪು ಮೂತಿಯ ಪುಟ್ಟ ಸುತ್ತಿಗೆ ಚಾಲಕನ ಕೈಗೆ ಎಟುಕುವಲ್ಲಿರಲಿ, ಡಿಕ್ಕಿಯಲ್ಲಲ್ಲ.