ಮಳೆಯಲ್ಲಿ ಓಟ: ಜಲನಿರೋಧಕ ಶೂ ಬೇಕೇ?

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ನಮ್ಮ ಬಿ.ಎಸ್‌ಸಿ. ವಿದ್ಯಾರ್ಥಿಯೊಬ್ಬ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು ಕಾಲಿನ ಶೂ ಬಿಚ್ಚಿ ಬಗ್ಗಿಸಿದ. ಒಳಗಿದ್ದ ನೀರು ಸುರಿಯಿತು. ಕೈಗೆಟಕುವಲ್ಲಿ ಅಳತೆ ಜಾಡಿ ಇದ್ದುದರಿಂದ ಇನ್ನೊಂದು ಶೂವಿನ ನೀರನ್ನು ಅದಕ್ಕೇ ಸುರಿದೆವು. ಹತ್ತಿರ ಹತ್ತಿರ 100 ಮಿಲಿಲೀಟರ್! ಮಲೆನಾಡಿನಿಂದ ಬಂದ ಈ ಹುಡುಗ ದೂರದ ಓಟಗಾರ. ವಿದ್ಯಾರ್ಥಿವೇತನದ ಹಣ ಕೂಡಿಟ್ಟು 'ಜಲನಿರೋಧಕ' ಎಂದು ಬರೆದಿದ್ದ ದುಬಾರಿ ಶೂ ಕೊಂಡಿದ್ದ. ಅದನ್ನು ಹಾಕಿಕೊಂಡೇ ಆ ದಿನ ಹಾಸುಗಲ್ಲಿನ ಮೇಲೆ ಜಾರಿ ಬಿದ್ದು ಮಂಡಿ ತರಚಿಕೊಂಡಿದ್ದ. "ಸರ್, ಇದರೊಳಗೆ ನೀರು ಬರಬಾರದಾಗಿತ್ತಲ್ಲವೇ?" ಎಂಬುದು ಅವನ ಪ್ರಶ್ನೆ.

ಶೂವನ್ನು ಪರೀಕ್ಷಿಸಿದೆವು. ಎಲ್ಲಿಯೂ ಸೋರಿಕೆ ಇರಲಿಲ್ಲ. ಹಾಗಾದರೆ ನೀರು ಬಂದದ್ದು ಎಲ್ಲಿಂದ? ಬಂದ ನೀರು ಹೊರಗೆ ಹೋಗಲಿಲ್ಲವೇಕೆ? ಮಳೆಗಾಲಕ್ಕೆ ಶೂ ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಈ ಪ್ರಶ್ನೆಗಳಿಗೆ ಪದವಿಪೂರ್ವ ತರಗತಿಯ ಭೌತವಿಜ್ಞಾನದಲ್ಲೇ ಉತ್ತರವಿದೆ.

ನೀರನ್ನು ತಡೆಯುವ ಪೊರೆ

ಜಲನಿರೋಧಕ ಶೂವಿನ ಹೊರಬಟ್ಟೆ ಮತ್ತು ಒಳಬಟ್ಟೆಗಳ ನಡುವೆ ತೆಳುವಾದ ಒಂದು ಪೊರೆ ಇರುತ್ತದೆ. ಇದರ ಕಥೆ 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಕೊಂಡ ಟೆಫ್ಲಾನ್‌ನಿಂದ ಆರಂಭವಾಗುತ್ತದೆ. 1969ರಲ್ಲಿ ರಾಬರ್ಟ್ ಗೋರ್ ಎಂಬಾತ ಬಿಸಿ ಮಾಡಿದ ಟೆಫ್ಲಾನ್ ಸರಳನ್ನು ಥಟ್ಟನೆ ಎಳೆದಾಗ ಅದು ತುಂಡಾಗದೆ ಹಿಗ್ಗಿತು. ಹಿಗ್ಗಿದ ವಸ್ತುವಿನ ತುಂಬ ಅತಿ ಸೂಕ್ಷ್ಮ ರಂಧ್ರಗಳಿದ್ದವು. ಫ್ಲೋರಿನ್ ಸಂಯುಕ್ತಗಳು ಪರಿಸರದಲ್ಲಿ ವಿಘಟನೆಯಾಗದೆ ಉಳಿಯುವ ಕಾರಣ ಈಗ ಪಾಲಿಥೀನ್‌ನಿಂದ ಮಾಡಿದ ಪೊರೆಗಳೂ ಬಳಕೆಗೆ ಬಂದಿವೆ. ಕೆಸುವಿನ ಎಲೆಯ ಮೇಲೆ ನೀರು ಹರಡದೆ ಮಣಿಯಾಗಿ ನಿಲ್ಲುವಂತೆ ಇಂಥ ವಸ್ತುಗಳ ಮೇಲೂ ನೀರು ಹರಡುವುದಿಲ್ಲ.

ಪೊರೆಯ ರಂಧ್ರದ ವ್ಯಾಸ ಸುಮಾರು 0.2 ಮೈಕ್ರೋಮೀಟರ್ ಎಂದಿಟ್ಟುಕೊಳ್ಳೋಣ. ನೀರಿನ ಅಣುವಿನ ಗಾತ್ರ ಸುಮಾರು 0.28 ನ್ಯಾನೋಮೀಟರ್. ಅಂದರೆ ರಂಧ್ರವು ಅಣುವಿಗಿಂತ 700 ಪಟ್ಟು ದೊಡ್ಡದು. ಆವಿಯ ಅಣುಗಳು ಬಿಡಿಬಿಡಿಯಾಗಿ ಅದರ ಮೂಲಕ ನುಸುಳಬಲ್ಲವು. ದ್ರವರೂಪದ ನೀರಿನ ಸ್ಥಿತಿ ಬೇರೆ. ಅದನ್ನು ರಂಧ್ರದೊಳಕ್ಕೆ ತಳ್ಳಬೇಕಾದರೆ ಮೇಲ್ಮೈ ಎಳೆತವನ್ನು ಮೀರಿದ ಒತ್ತಡ ಬೇಕು. ನೀರಿನ ಮೇಲ್ಮೈ ಎಳೆತ ಮೀಟರಿಗೆ 0.072 ನ್ಯೂಟನ್; ಟೆಫ್ಲಾನ್ ಮೇಲೆ ನೀರಿನ ಸಂಪರ್ಕ ಕೋನ ಸುಮಾರು 110 ಡಿಗ್ರಿ. ಲೋಮನಾಳದ ಸೂತ್ರದಲ್ಲಿ ಈ ಬೆಲೆಗಳನ್ನು ಹಾಕಿದರೆ ಬೇಕಾದ ಒತ್ತಡ ಸುಮಾರು 490 ಕಿಲೋಪಾಸ್ಕಲ್ ಎಂದು ಸಿಗುತ್ತದೆ. ಇದು 50 ಮೀಟರ್ ಎತ್ತರದ ನೀರಿನ ಕಂಬದ ಒತ್ತಡಕ್ಕೆ ಸಮ. ರಂಧ್ರಗಳೆಲ್ಲ ಒಂದೇ ಅಳತೆಯವಾಗಿರುವುದಿಲ್ಲವಾದ್ದರಿಂದ ಇದು ಅಂದಾಜು ಮಾತ್ರ. ಆದರೂ 10 ಸೆಂ.ಮೀ. ಆಳದ ಹೊಂಡದ ನೀರು ಪೊರೆಯನ್ನು ದಾಟಲಾರದು ಎಂಬುದು ಸ್ಪಷ್ಟ. ಅದೇ ವಸ್ತುವಿನಲ್ಲಿ 1 ಮಿ.ಮೀ. ರಂಧ್ರವಿದ್ದರೆ? ವ್ಯಾಸ 5000 ಪಟ್ಟು ಹೆಚ್ಚಿತು, ಹಾಗಾಗಿ ತಡೆಯುವ ಶಕ್ತಿ ಅಷ್ಟೇ ಪಟ್ಟು ಕುಗ್ಗಿ 1 ಸೆಂ.ಮೀ. ನೀರಿಗಿಳಿಯುತ್ತದೆ. ಬಲೆಬಟ್ಟೆಯ ಸಾಮಾನ್ಯ ಶೂ ಕ್ಷಣದಲ್ಲಿ ನೆನೆಯುವುದು ಇದರಿಂದಲೇ.

ಪೊರೆಗೆ ಒಳಗು, ಹೊರಗು ಎಂಬ ಭೇದವಿಲ್ಲ

ಪೊರೆ ಎಷ್ಟೇ ಉತ್ತಮವಾಗಿರಲಿ, ಶೂವಿಗೆ ಕಾಲು ತೂರಿಸುವ ದೊಡ್ಡ ಬಾಯಿ ಇದ್ದೇ ಇದೆ. ಜಡಿಮಳೆಯಲ್ಲಿ ನೀರು ಮೀನಖಂಡದ ಮೇಲಿಂದ ಇಳಿದು ಕಾಲುಚೀಲದ ಮೂಲಕ ಒಳಸೇರುತ್ತದೆ. ಪಾದ ಮುಳುಗುವಷ್ಟು ಆಳದ ಹೊಂಡಕ್ಕೆ ಒಮ್ಮೆ ಕಾಲಿಟ್ಟರೂ ಸಾಕು. ನಮ್ಮ ವಿದ್ಯಾರ್ಥಿಯ ಶೂವಿಗೆ ನೀರು ಬಂದದ್ದು ಹೀಗೆ.

ಹೊರಗಿನ ನೀರನ್ನು ಒಳಬಿಡದ ರಂಧ್ರವು ಒಳಗಿನ ನೀರನ್ನೂ ಹೊರಬಿಡುವುದಿಲ್ಲ. ಒಳಗಿರುವ ನೀರು ಆವಿಯಾಗಿಯೇ ಹೋಗಬೇಕು. ಇದಕ್ಕೆ ಎಷ್ಟು ಹೊತ್ತು ಬೇಕು? ಜಲನಿರೋಧಕ ಬಟ್ಟೆಗಳ ಚೀಟಿಗಳಲ್ಲಿ 'ದಿನಕ್ಕೆ ಚದರ ಮೀಟರಿಗೆ 10,000 ಗ್ರಾಂ ಆವಿ' ಎಂಬಂಥ ಅಂಕಿ ಕಾಣುತ್ತದೆ. ಶೂವಿನ ಮೇಲ್ಭಾಗದ ವಿಸ್ತೀರ್ಣ 400 ಚದರ ಸೆಂ.ಮೀ. ಎಂದುಕೊಂಡರೆ ಗಂಟೆಗೆ ಹೊರಹೋಗುವುದು ಸುಮಾರು 17 ಗ್ರಾಂ. ನಮ್ಮ ಜಾಡಿಯಲ್ಲಿದ್ದ 100 ಮಿಲಿಲೀಟರ್ ನೀರಿಗೆ 6 ಗಂಟೆ ಬೇಕು! ಬಲೆಬಟ್ಟೆಯ ಶೂವಿನಲ್ಲಾದರೋ ಪಾದ ನೆಲಕ್ಕೊತ್ತಿದಂತೆಲ್ಲ ನೀರು ಹಿಂಡಿಕೊಂಡು ಹೊರಬರುತ್ತದೆ.

ಹೊತ್ತ ನೀರು ಬಿಟ್ಟಿಯಲ್ಲ. 1 ಮೀಟರ್ ಹೆಜ್ಜೆಯಲ್ಲಿ 5 ಕಿ.ಮೀ. ಓಡುವವನು ಪ್ರತಿ ಪಾದವನ್ನು 2500 ಸಲ ಎತ್ತುತ್ತಾನೆ. ಶೂವಿನಲ್ಲಿ 100 ಗ್ರಾಂ ನೀರಿದ್ದರೆ ಒಂದೊಂದು ಕಾಲೂ ಒಟ್ಟು 250 ಕಿಲೋಗ್ರಾಂ ಹೆಚ್ಚುವರಿ ತೂಕವನ್ನು ಎತ್ತಿದಂತಾಯಿತು. ಒಂದೊಂದು ಶೂವಿನ ತೂಕ 100 ಗ್ರಾಂ ಹೆಚ್ಚಿದರೆ ಓಟಕ್ಕೆ ಬೇಕಾಗುವ ಶಕ್ತಿ ಸುಮಾರು ಶೇಕಡ 1ರಷ್ಟು ಹೆಚ್ಚುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಜೊತೆಗೆ, ನೀರಿನಲ್ಲೇ ಇರುವ ಚರ್ಮ ಮೆತ್ತಗಾಗಿ ಗುಳ್ಳೆಯೇಳುತ್ತದೆ. ಬೆರಳ ಸಂದಿಗಳಲ್ಲಿ ಶಿಲೀಂಧ್ರದ ಸೋಂಕು ತಗಲುತ್ತದೆ.

ಆವಿಗೆ ದಾರಿ ಇದ್ದರೆ ಸಾಲದು

ಒಂದು ಹನಿ ಮಳೆಯೂ ಒಳಸೇರಲಿಲ್ಲ ಎಂದೇ ಭಾವಿಸೋಣ. ಆಗಲೂ ಬೆವರು ಹೊರಹೋಗಬೇಕು. ಆವಿಯು ಹೆಚ್ಚು ಆವಿ ಒತ್ತಡವಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಮಾತ್ರ ಹರಿಯುತ್ತದೆ. ಶೂವಿನೊಳಗೆ 33 ಡಿಗ್ರಿ ಸೆಲ್ಸಿಯಸ್‌ನ ಸಂತೃಪ್ತ ಗಾಳಿ ಇದ್ದರೆ ಅಲ್ಲಿನ ಆವಿ ಒತ್ತಡ ಸುಮಾರು 5.0 ಕಿಲೋಪಾಸ್ಕಲ್. ಹೊರಗೆ 5 ಡಿಗ್ರಿ ಚಳಿ, ಶೇಕಡ 90 ಆರ್ದ್ರತೆ ಇದ್ದಲ್ಲಿ ಅದು 0.8 ಮಾತ್ರ, ವ್ಯತ್ಯಾಸ 4.2. ನಮ್ಮ ಮಳೆಗಾಲದಲ್ಲಿ 25 ಡಿಗ್ರಿ ಉಷ್ಣತೆ, ಶೇಕಡ 95 ಆರ್ದ್ರತೆ ಇದ್ದರೆ ಹೊರಗಿನ ಒತ್ತಡವೇ 3.0 ಕಿಲೋಪಾಸ್ಕಲ್, ವ್ಯತ್ಯಾಸ ಬರೀ 2.0. ಆವಿಯನ್ನು ಹೊರದಬ್ಬುವ ಬಲ ಅರ್ಧಕ್ಕಿಂತ ಕಡಿಮೆಯಾಯಿತು. ಹೊರಬಟ್ಟೆ ಪೂರ್ತಿ ನೆನೆದು ಪೊರೆಯ ಮೇಲೆ ನೀರಿನ ಹೊದಿಕೆ ಉಂಟಾದರಂತೂ ಇದ್ದ ದಾರಿಯೂ ಕಿರಿದಾಗುತ್ತದೆ. ಚಳಿಯ ದೇಶದಲ್ಲಿ ಉಪಯುಕ್ತವಾದ ಶೂ ಆಗುಂಬೆಯ ಜುಲೈ ತಿಂಗಳಲ್ಲೂ ಅಷ್ಟೇ ಉಪಯುಕ್ತವಾಗಬೇಕಿಲ್ಲ. ಕುತೂಹಲದ ಸಂಗತಿಯೆಂದರೆ, ಇಂಗ್ಲೆಂಡಿನ ಜೌಗು ಗುಡ್ಡಗಳಲ್ಲಿ ಓಡುವ ಅನುಭವಿಗಳಲ್ಲೂ ಅನೇಕರು ಆರಿಸುವುದು ನೀರು ಬಸಿದುಹೋಗುವ ಹಗುರ ಶೂಗಳನ್ನೇ.

ಬೀಳಿಸುವುದು ಅಡಿಭಾಗ

ಇನ್ನು ಜಾರುವಿಕೆಯ ವಿಷಯ. 'ಜಲನಿರೋಧಕ' ಎಂಬ ಪದ ಶೂವಿನ ಮೇಲ್ಭಾಗಕ್ಕೆ ಸಂಬಂಧಿಸಿದ್ದು; ಅಡಿಭಾಗದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ರಬ್ಬರಿನ ಘರ್ಷಣೆಗೆ ಎರಡು ಮೂಲಗಳಿವೆ. ಮೊದಲನೆಯದು, ರಬ್ಬರು ಮತ್ತು ನೆಲದ ಅಣುಗಳ ನಡುವಿನ ಅಂಟಿಕೆ. ಎರಡನೆಯದು, ನೆಲದ ಉಬ್ಬುತಗ್ಗುಗಳ ಮೇಲೆ ರಬ್ಬರು ತಗ್ಗಿ ಮತ್ತೆ ಏಳುವಾಗ ಆಗುವ ಶಕ್ತಿನಷ್ಟ. ನೀರಿನ ತೆಳುಪದರ ಮೊದಲನೆಯದನ್ನು ಕುಗ್ಗಿಸುತ್ತದೆ. ಎರಡನೆಯದು ನೆಲ ಒರಟಾಗಿದ್ದರೆ ಮಾತ್ರ ಉಳಿಯುತ್ತದೆ. ಆದ್ದರಿಂದಲೇ ಒದ್ದೆ ಡಾಂಬರು ರಸ್ತೆಯಲ್ಲಿ ನೆಮ್ಮದಿಯಾಗಿ ಓಡಿದವನು ನುಣುಪಾದ ಹಾಸುಗಲ್ಲಿನ ಮೇಲೆ ಬೀಳುತ್ತಾನೆ. ಪಾಚಿ ಕಟ್ಟಿದ ಮೆಟ್ಟಿಲುಗಳ ಮೇಲೆ ಯಾವ ಶೂವನ್ನೂ ನಂಬುವಂತಿಲ್ಲ. ಅಲ್ಲಿ ಹೆಜ್ಜೆ ಕಿರಿದು ಮಾಡುವುದೇ ಉಪಾಯ. ಹೆಜ್ಜೆ ಕಿರಿದಾದಷ್ಟೂ ಪಾದ ನೆಲವನ್ನು ಅಡ್ಡಲಾಗಿ ತಳ್ಳುವ ಬಲ ಕಡಿಮೆಯಾಗುತ್ತದೆ.

ಆಯ್ಕೆ ಹೇಗೆ?

ಬೆಚ್ಚಗಿನ ಮಳೆಯಲ್ಲಿ ಅರ್ಧ ಗಂಟೆಗೂ ಮೀರಿ ಓಡುವವರಿಗೆ ಬಲೆಬಟ್ಟೆಯ ಹಗುರ ಶೂ ಸೂಕ್ತ. ಒಳಗೆ ದಪ್ಪ ಸ್ಪಂಜು ಇರಬಾರದು; ಅದು ನೀರು ಹಿಡಿದಿಡುತ್ತದೆ. ಕಾಲುಚೀಲವೂ ಹತ್ತಿಯದಾಗಿರದೆ ತೆಳು ಕೃತಕ ನೂಲಿನದು ಅಥವಾ ಉಣ್ಣೆಯದಾಗಿರಲಿ. ಇಬ್ಬನಿ ಬಿದ್ದ ಹುಲ್ಲು, ತುಂತುರು ಮಳೆ, ಚಳಿ, ಅಂದರೆ ನೀರು ಶೂವಿನ ಬಾಯಿಯವರೆಗೆ ಬಾರದ ಸಂದರ್ಭಗಳಲ್ಲಿ ಜಲನಿರೋಧಕ ಶೂ ಕೊಟ್ಟ ಹಣಕ್ಕೆ ನ್ಯಾಯ ಒದಗಿಸುತ್ತದೆ. ರಸ್ತೆ ಓಟಕ್ಕೆ ಮೃದು ರಬ್ಬರಿನ, ಕಿರುಗೀರುಗಳಿರುವ ಅಡಿಭಾಗ ಸಾಕು. ಕೆಸರಿಗೆ ಅಂತರ ಬಿಟ್ಟ ಎತ್ತರದ ಗುಬುಟುಗಳಿರಬೇಕು. ಯಾವುದೇ ಶೂವಾದರೂ ಓಟದ ನಂತರ ಒಳಗೆ ಹಳೆಯ ವೃತ್ತಪತ್ರಿಕೆ ತುರುಕಿ ಗಾಳಿಯಾಡುವ ನೆರಳಿನಲ್ಲಿಡಿ. ಒಲೆಯ ಬಳಿ ಇಟ್ಟರೆ ಅಂಟು ಮೆತ್ತಗಾಗಿ ಅಡಿಭಾಗ ಕಿತ್ತುಬರುತ್ತದೆ.

ತರಗತಿಯಲ್ಲಿ ಮಾಡಿ ನೋಡಿ

ಅಧ್ಯಾಪಕರು ಇದನ್ನು ಸುಲಭವಾದ ಪ್ರಯೋಗವನ್ನಾಗಿಸಬಹುದು. ಹಲಗೆಯೊಂದರ ಮೇಲೆ ನಯವಾದ ಟೈಲನ್ನು ಭದ್ರಪಡಿಸಿ, ಅದರ ಮೇಲೆ ಶೂ ಇಡಿ. ಶೂವಿನೊಳಗೆ ತೂಕದ ಬಟ್ಟುಗಳನ್ನು ಹಾಕಿ. ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತುತ್ತಾ, ಶೂ ಜಾರಲು ತೊಡಗುವ ಕೋನವನ್ನು ಅಳೆಯಿರಿ. ಆ ಕೋನದ ಟ್ಯಾಂಜೆಂಟ್ ಬೆಲೆಯೇ ಸ್ಥಿರ ಘರ್ಷಣೆಯ ಗುಣಾಂಕ. 31 ಡಿಗ್ರಿಯಲ್ಲಿ ಜಾರಿದರೆ ಗುಣಾಂಕ 0.6, 17 ಡಿಗ್ರಿಯಲ್ಲೇ ಜಾರಿದರೆ 0.3. ಒಣ ಟೈಲು, ಒದ್ದೆ ಟೈಲು, ಸಾಬೂನು ನೀರಿನ ಟೈಲುಗಳ ಮೇಲೆ ಹಲವು ಶೂಗಳನ್ನು ಪರೀಕ್ಷಿಸಿ ಪಟ್ಟಿ ಮಾಡಿ. ಮತ್ತೊಂದು ತಂಡ ನೆನೆಸಿದ ಶೂಗಳನ್ನು ತಕ್ಕಡಿಯಲ್ಲಿಟ್ಟು ಅರ್ಧ ಗಂಟೆಗೊಮ್ಮೆ ತೂಗಿ, ಒಣಗುವ ವೇಗದ ನಕ್ಷೆ ಬರೆಯಲಿ.

ನಮ್ಮ ವಿದ್ಯಾರ್ಥಿ ಈ ಎರಡೂ ಪ್ರಯೋಗಗಳನ್ನು ಮಾಡಿದ. ಒದ್ದೆ ಟೈಲಿನ ಮೇಲೆ ಅವನ ಹೊಸ ಶೂವಿಗಿಂತ ಹಳೆಯ ಬಲೆಬಟ್ಟೆಯ ಶೂ ಹೆಚ್ಚು ಓರೆಯವರೆಗೂ ಜಾರದೆ ನಿಂತಿತು. ಬೇಗನೆ ಒಣಗಿತು ಕೂಡ. ಆಗಸ್ಟ್ ತಿಂಗಳ ಓಟಕ್ಕೆ ಅವನು ಹಳೆಯದನ್ನೇ ಹಾಕಿಕೊಂಡ. ಹೊಸದನ್ನು ಡಿಸೆಂಬರಿನ ಇಬ್ಬನಿಯ ಬೆಳಗುಗಳಿಗೆಂದು ತೆಗೆದಿರಿಸಿದ್ದಾನೆ.