ಮಂಡಕಳ್ಳಿಯ ಫ್ಯಾನ್ ವಿಮಾನಕ್ಕೆ ನಮ್ಮೂರಿನ ಲೆಕ್ಕ

ನಮ್ಮ ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಮುಂಬೈಯಲ್ಲಿ ದುಡಿಯುವವರಿರುವ ಮನೆಗಳು ಬೇಕಾದಷ್ಟಿವೆ. 2020ರ ಮೇ ತಿಂಗಳಲ್ಲಿ, ಕೊರೊನಾ ಕಾಲದಲ್ಲಿ, ಅವರು ಸಾಲುಸಾಲಾಗಿ ಊರಿಗೆ ಮರಳಿದಾಗಲೇ ಅವರ ಸಂಖ್ಯೆ ಎಷ್ಟೆಂದು ಜಿಲ್ಲೆಗೆ ಗೊತ್ತಾಗಿದ್ದು. ನನ್ನ ಚಿಕ್ಕಪ್ಪ ಅವರಲ್ಲೊಬ್ಬರು. ಅಜ್ಜಿ ತೀರಿಕೊಂಡ ಸುದ್ದಿ ಕೇಳಿ ಸಿಕ್ಕ ಬಸ್ಸು ಹತ್ತಿದರು. ಅವರು ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಆ ವರ್ಷ ಬಿ.ಕಾಂ. ಪ್ರಾಜೆಕ್ಟಿಗೆ ನಾನು ಸಣ್ಣ ವಿಮಾನಗಳ ವ್ಯಾಪಾರವನ್ನೇ ಆರಿಸಿಕೊಂಡೆ. 'ಇಮಾನದೋರು ನಮ್ಮಂತೋರನ್ನ ನೆಚ್ಕಂಡವ್ರಾ, ಬುಡು' ಎಂದು ಅಪ್ಪ ನಕ್ಕರು.

ನಮಗೆ ಹತ್ತಿರದ ವಿಮಾನ ನಿಲ್ದಾಣ ಮೈಸೂರಿನ ಮಂಡಕಳ್ಳಿ. ಅಲ್ಲಿನ ರನ್‌ವೇ 1,740 ಮೀಟರ್. ಹಾಗಾಗಿ ಅಲ್ಲಿ ಹೆಚ್ಚಾಗಿ ಕಾಣುವುದು ಎಟಿಆರ್ 72, ರೆಕ್ಕೆಯಲ್ಲಿ ಪ್ರೊಪೆಲ್ಲರ್ ತಿರುಗುವ ವಿಮಾನ. ನಮ್ಮ ಹುಡುಗರು ಇದನ್ನು 'ಫ್ಯಾನ್ ವಿಮಾನ' ಅಂತ ಹಂಗಿಸುತ್ತಾರೆ. ಆದರೆ ಫ್ಯಾನು ತಿರುಗಿಸುವುದು ಜೆಟ್‌ನಂಥದೇ ಟರ್ಬೈನ್ ಎಂಜಿನ್, ಅದಕ್ಕೇ ಟರ್ಬೊಪ್ರಾಪ್ ಎಂಬ ಹೆಸರು. ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ಜೆಟ್‌ಗಿಂತ ನಿಧಾನ, ಆದರೆ ಕಡಿಮೆ ದೂರಕ್ಕೆ ಇಂಧನ ಬಹಳ ಉಳಿಸುತ್ತದೆ.

ಉಳಿಸಿಯೂ ಇಲ್ಲಿ ನಿಂತವರು ಕಡಿಮೆ. 2010ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಬೆಂಗಳೂರಿಗೆ ಹಾರಾಟ ಶುರು ಮಾಡಿ ಮರುವರ್ಷವೇ ನಿಲ್ಲಿಸಿತು. 2013ರಲ್ಲಿ ಸ್ಪೈಸ್‌ಜೆಟ್ ತನ್ನ ಕ್ಯೂ400 ತಂದಿತು, ಅದೂ ಬಹುಕಾಲ ಉಳಿಯಲಿಲ್ಲ. 2017ರಲ್ಲಿ ಉಡಾನ್ ಯೋಜನೆಯಡಿ ಟ್ರೂಜೆಟ್ ಚೆನ್ನೈಗೆ ಹಾರಿತು. 2022ರಲ್ಲಿ ಆ ಕಂಪನಿಯ ಹಾರಾಟವೇ ನಿಂತಿತು. 2019ರಲ್ಲಿ ಬಂದ ಅಲಯನ್ಸ್ ಏರ್ ಬೆಂಗಳೂರಿನ ಜೊತೆಗೆ ಹೈದರಾಬಾದ್, ಗೋವಾ, ಕೊಚ್ಚಿಗೂ ಹಾರಿತು. ಆಮೇಲೆ ಇಂಡಿಗೊ ಬಂತು.

ಬೆಂಗಳೂರು ಮಾರ್ಗ ಯಾಕೆ ಕೈಕೊಡುತ್ತದೆ ಎಂಬುದಕ್ಕೆ ಪ್ರಾಜೆಕ್ಟೇ ಬೇಕಿಲ್ಲ, ಶ್ರೀರಂಗಪಟ್ಟಣದ ಬೈಪಾಸ್ ಮೇಲೆ ನಿಂತು ನೋಡಿದರೆ ಸಾಕು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 118 ಕಿ.ಮೀ. ಹೆದ್ದಾರಿಯಲ್ಲಿ ಕಾರು ಒಂದೂವರೆ ಗಂಟೆಯಲ್ಲಿ ಬೆಂಗಳೂರಿನ ಬಾಗಿಲಿಗೆ ತಲುಪುತ್ತದೆ. ವಿಮಾನಕ್ಕಾದರೆ ಮೊದಲು ಮೈಸೂರು ದಾಟಿ ನಂಜನಗೂಡು ರಸ್ತೆಗೆ ಹೋಗಬೇಕು, ಒಂದು ಗಂಟೆ ಮುಂಚೆ ಕೂರಬೇಕು, ಇಳಿದ ಮೇಲೆ ದೇವನಹಳ್ಳಿಯಿಂದ ಊರೊಳಗೆ ಬರಬೇಕು. ಯಾರು ಹತ್ತುತ್ತಾರೆ?

ಸಣ್ಣ ವಿಮಾನಕ್ಕೆ ಇನ್ನೊಂದು ಸಂಕಟವಿದೆ. 180 ಸೀಟಿನ ಜೆಟ್‌ನಲ್ಲಿ ಹತ್ತು ಸೀಟು ಖಾಲಿ ಹೋದರೆ ಹದಿನೆಂಟರಲ್ಲಿ ಒಂದು ಪಾಲು ನಷ್ಟ. 70 ಸೀಟಿನ ಎಟಿಆರ್‌ನಲ್ಲಿ ಅದೇ ಹತ್ತು ಸೀಟು ಏಳರಲ್ಲಿ ಒಂದು ಪಾಲು. ವಿಮಾನದ ಬಾಡಿಗೆಯನ್ನು ಡಾಲರ್‌ನಲ್ಲಿ ಕಟ್ಟಬೇಕು, ಟಿಕೆಟ್ ಮಾರುವುದು ರೂಪಾಯಿಯಲ್ಲಿ. ಇಲ್ಲಿ ಪಳಗಿದ ಪೈಲಟ್‌ಗಳು ಜೆಟ್ ಕಂಪನಿ ಕರೆದರೆ ಹೋಗಿಬಿಡುತ್ತಾರೆ.

ಸರ್ಕಾರ ಕೈಕಟ್ಟಿ ಕೂತಿಲ್ಲ. ಟರ್ಬೊಪ್ರಾಪ್ ಇಂಧನದ ಮಾರಾಟ ತೆರಿಗೆಗೆ ಮಿತಿಯಿದೆ. 80ಕ್ಕಿಂತ ಕಡಿಮೆ ಸೀಟಿನ ವಿಮಾನಗಳಿಗೆ ಪ್ರಾಧಿಕಾರದ ನಿಲ್ದಾಣಗಳಲ್ಲಿ ಇಳಿಯುವ ಶುಲ್ಕವಿಲ್ಲ. ಇಂಡಿಗೊ ತನ್ನ ಎಟಿಆರ್‌ನಲ್ಲಿ ಸರಿಯಾಗಿ 78 ಸೀಟು ಹಾಕಿದ್ದನ್ನು ನೋಡಿ ನನಗೆ ನಗು ಬಂತು. ಉಡಾನ್ ಶುರುವಾದಾಗ ಸುಮಾರು ಒಂದು ಗಂಟೆಯ ಹಾರಾಟಕ್ಕೆ ಅರ್ಧದಷ್ಟು ಸೀಟುಗಳ ದರ 2,500 ರೂಪಾಯಿ ದಾಟಬಾರದೆಂದಿತ್ತು, ಅದರಿಂದಾಗುವ ಕೊರತೆಯನ್ನು ಸರ್ಕಾರ ಮೂರು ವರ್ಷ ತುಂಬಿಕೊಡುತ್ತಿತ್ತು. ಆ ಮೂರು ವರ್ಷದಲ್ಲಿ ಜನರಿಗೆ ಅಭ್ಯಾಸವಾಗದಿದ್ದರೆ ನಾಲ್ಕನೇ ವರ್ಷ ಮಾರ್ಗ ಉಳಿಯುವುದು ಕಷ್ಟ.

ನಮ್ಮ ಪಕ್ಕದ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದ್ದೂ ಎಟಿಆರ್‌ನಿಂದಲೇ, ಬೆಂಗಳೂರು–ಹುಬ್ಬಳ್ಳಿ ನಡುವೆ. ಅದು ರಸ್ತೆಯಲ್ಲಿ ರಾತ್ರಿಯಿಡೀ ಕಳೆಯುವ ದೂರ. ಸಣ್ಣ ವಿಮಾನ ಬದುಕುವುದು ಅಂಥ ಕಡೆ ಎಂದು ನನಗನಿಸುತ್ತದೆ. ಮೈಸೂರಿನಿಂದ ಹೈದರಾಬಾದ್, ಚೆನ್ನೈ, ಗೋವಾ ಆ ಬಗೆಯವು. ಮುಂಬೈ ಎಟಿಆರ್‌ಗೆ ಸ್ವಲ್ಪ ದೂರವೇ, ಆದರೂ ಒಂದು ಹಗಲೊಳಗೆ ಹೋಗಿ ಸೇರಬಹುದು.

ನಮ್ಮ ನಾಲ್ಕು ತಾಲ್ಲೂಕುಗಳೂ ಒಂದೇ ಕಡೆ ಮುಖ ಮಾಡಿಲ್ಲ. ನಾಗಮಂಗಲದವರಿಗೆ ಬೆಳ್ಳೂರು ಕ್ರಾಸ್‌ನಲ್ಲಿ ಮಂಗಳೂರು ಹೆದ್ದಾರಿ ಸಿಗುತ್ತದೆ, ಅವರು ನೆಲಮಂಗಲದ ಮೇಲೆ ದೇವನಹಳ್ಳಿಗೇ ಹೋಗುತ್ತಾರೆ. ಮಂಡಕಳ್ಳಿಗೆ ಉಳಿಯುವುದು ಶ್ರೀರಂಗಪಟ್ಟಣ, ಪಾಂಡವಪುರ ಮತ್ತು ನಾವು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ದರಿಯಾ ದೌಲತ್ ನೋಡಲು ಬರುವವರನ್ನು ವಿಮಾನದವರು ಖಂಡಿತ ಎಣಿಸಿರುತ್ತಾರೆ. ಮುಂಬೈಯಿಂದ ಹಬ್ಬಕ್ಕೆ, ಮದುವೆಗೆ, ಸಾವಿಗೆ ಬರುವವರನ್ನು ಎಣಿಸಿದವರು ನನಗೆ ಸಿಗಲಿಲ್ಲ.

ರನ್‌ವೇಯನ್ನು 2,750 ಮೀಟರ್‌ಗೆ ಹಿಗ್ಗಿಸುವ ಮಾತು ವರ್ಷಗಳಿಂದ ಇದೆ. ಅದಕ್ಕೆ ಜಮೀನು ಬೇಕು, ನಂಜನಗೂಡು ಹೆದ್ದಾರಿಯೂ ಅಡ್ಡ ಬರುತ್ತದೆ. ಅದು ಆದರೆ ದೊಡ್ಡ ಜೆಟ್ ಬರುತ್ತದೆ ಎಂದು ಎಲ್ಲರಿಗೂ ಆಸೆ. ನನಗೋ, ಫ್ಯಾನ್ ವಿಮಾನದ ವೇಳೆಗೆ ಹೊಂದುವಂತೆ ಕೆ.ಆರ್. ಪೇಟೆಯಿಂದ ಪಾಂಡವಪುರ, ಶ್ರೀರಂಗಪಟ್ಟಣದ ಮೇಲೆ ಮಂಡಕಳ್ಳಿಗೆ ಒಂದು ಬಸ್ಸು ಬಿಟ್ಟರೆ ಆ ಹತ್ತು ಸೀಟಲ್ಲಿ ಎಷ್ಟು ತುಂಬೀತು ಅಂತ ನೋಡುವ ಕುತೂಹಲ. ಅದಕ್ಕೆ ಜಮೀನು ಬೇಕಿಲ್ಲ.