ಜಲ್ಲಿ ಕ್ವಾರಿಯ ನೀಲಿ ಹರಳು

ಪುಣೆ ಸಮೀಪದ ವಾಘೋಲಿಯಲ್ಲಿ ಕಲ್ಲು ಕ್ವಾರಿಗಳಿವೆ. ಮನೆಗೆ, ರಸ್ತೆಗೆ ಬೇಕಾದ ಜಲ್ಲಿಗಾಗಿ ಅಲ್ಲಿ ಕರಿಬಂಡೆ ಒಡೆಯುತ್ತಾರೆ. ಹಾಗೆ ಒಡೆದ ಬಂಡೆಗಳ ಪೊಟರೆಗಳಲ್ಲಿ ಸಿಕ್ಕ ಅಚ್ಚ ನೀಲಿ ಹರಳುಗಳು ಇಂದು ಜಗತ್ತಿನ ಮ್ಯೂಸಿಯಂಗಳಲ್ಲಿ ಕುಳಿತಿವೆ. ಆ ಹರಳಿನ ಹೆಸರು ಕಾವನ್ಸೈಟ್.

ಕ್ಯಾಲ್ಸಿಯಂ, ವೆನೇಡಿಯಂ, ಸಿಲಿಕಾನ್ ಎಂಬ ಮೂರು ಹೆಸರುಗಳ ಮೊದಲ ಭಾಗ ಸೇರಿಸಿ ಕಟ್ಟಿದ ಹೆಸರು ಇದು. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಮೊದಲು ಸಿಕ್ಕಿದ ಇದನ್ನು ವಿಜ್ಞಾನಿಗಳು ಹೊಸ ಖನಿಜವೆಂದು ವಿವರಿಸಿದ್ದು 1973ರಲ್ಲಿ. ಆದರೆ ಅತಿ ಸುಂದರ ಮಾದರಿಗಳು ಸಿಕ್ಕಿದ್ದು ನಮ್ಮ ವಾಘೋಲಿಯಲ್ಲೇ.

ಇದು ಹುಟ್ಟಿದ್ದು ಹೇಗೆ? ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರದೇಶದಲ್ಲಿ ಲಾವಾ ಪದರ ಪದರವಾಗಿ ಹರಿಯಿತು. ನಮ್ಮ ಬೀದರ್, ವಿಜಯಪುರ ಕಡೆಯ ಕರಿಬಂಡೆಗಳೂ ಅದೇ ಲಾವಾ ಗಟ್ಟಿಯಾಗಿ ಆದವು. ಲಾವಾ ಆರುವಾಗ ಒಳಗೆ ಸಿಕ್ಕಿಕೊಂಡ ಅನಿಲದ ಗುಳ್ಳೆಗಳು ಪೊಟರೆಗಳಾಗಿ ಉಳಿದವು. ಮುಂದೆ ಬಿಸಿನೀರು ಬಿರುಕುಗಳಲ್ಲಿ ಹರಿದು, ಬಂಡೆಯ ಅಂಶಗಳನ್ನು ಕರಗಿಸಿಕೊಂಡು ಈ ಪೊಟರೆಗಳಿಗೆ ಬಂತು. ಮೊದಲು ಸ್ಟಿಲ್ಬೈಟ್, ಹ್ಯೂಲಂಡೈಟ್‌ನಂಥ ಬಿಳಿ ಹರಳುಗಳು ಬೆಳೆದವು. ಅವುಗಳ ಮೇಲೆ ಸಣ್ಣ ನೀಲಿ ಚೆಂಡಿನಂತೆ ಕಾವನ್ಸೈಟ್ ಕೂತಿತು. ಆ ನೀಲಿ ವೆನೇಡಿಯಂ ಕೊಟ್ಟ ಬಣ್ಣ.

ಸೋಜಿಗವೆಂದರೆ ವೆನೇಡಿಯಂ ಅಪರೂಪದ ಧಾತುವಲ್ಲ. ಭೂಮಿಯ ಹೊರಪದರದಲ್ಲಿ ಅದು ತಾಮ್ರಕ್ಕಿಂತ ಹೆಚ್ಚಿದೆ. ಆದರೆ ತಕ್ಕ ನೀರು, ತಕ್ಕ ಶಾಖ, ಖಾಲಿ ಜಾಗ ಎಲ್ಲವೂ ಒಂದೇ ಕಡೆ ಕೂಡಿಬರುವುದು ಅಪರೂಪ. ಪರಿಸ್ಥಿತಿ ಕೊಂಚ ಬದಲಾದರೆ ಅದೇ ಅಂಶಗಳು ಬೇರೆ ರೀತಿ ಜೋಡಣೆಯಾಗಿ ಪೆಂಟಗೊನೈಟ್ ಎಂಬ ಇನ್ನೊಂದು ಖನಿಜವಾಗುತ್ತವೆ.

ಕಾವನ್ಸೈಟ್ ಬಲು ಮೆದು. ಮೋಸ್ ಮಾಪಕದಲ್ಲಿ ಇದರ ಗಡಸುತನ 3ರಿಂದ 4 ಮಾತ್ರ, ಚಾಕುವಿನಿಂದಲೂ ಗೀರಬಹುದು. ಆದ್ದರಿಂದ ಒಡವೆಗೆ ಒಗ್ಗುವುದಿಲ್ಲ. ಕ್ರಷರ್‌ಗೆ ಬಿದ್ದರಂತೂ ಕ್ಷಣದಲ್ಲಿ ಪುಡಿ. ಇದು ಉಳಿಯುವುದು ಕಲ್ಲು ಒಡೆಯುವವರ ಕಣ್ಣಿಗೆ ಬಿದ್ದು, ಅವರು ಎತ್ತಿಟ್ಟರೆ ಮಾತ್ರ. ಯಾರೂ ಗಮನಿಸದೆ ಜಲ್ಲಿಯೊಂದಿಗೆ ರಸ್ತೆಯಡಿ ಸೇರಿದ ಹರಳುಗಳೆಷ್ಟೋ!

ವಿಜ್ಞಾನ ಓದುವ ಗೆಳೆಯರೇ, ಭೂವಿಜ್ಞಾನವೆಂದರೆ ಮೂಗು ಮುರಿಯಬೇಡಿ. ಅದನ್ನು ಓದಿದವರಿಗೆ ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯಲ್ಲಿ ಹುದ್ದೆಗಳಿವೆ. ಯುಪಿಎಸ್‌ಸಿ ಪ್ರತ್ಯೇಕ ಪರೀಕ್ಷೆಯನ್ನೇ ನಡೆಸುತ್ತದೆ. ನೌಕರಿಯ ಮಾತು ಹಾಗಿರಲಿ, ಊರಿನ ಕ್ವಾರಿಯಲ್ಲಿ ಬಂಡೆ ಒಡೆದಾಗ ಪೊಟರೆಯೊಳಗೆ ಏನಿದೆಯೆಂದು ನೋಡಿ ಹೇಳಬಲ್ಲವರು ಪ್ರತಿ ತಾಲ್ಲೂಕಿಗೆ ಒಬ್ಬರಾದರೂ ಬೇಕು.